ನಮ್ಮ ಓಣಿಗೊಬ್ಬ ಲಿನಕ್ಸ್ ಮಿಸ್ತ್ರಿ ಬೇಕು

ಹೋದ ವರ್ಷ ಶ್ರಾವಣದಲ್ಲಿ ಒಂದು ದಿನ ಬೆಳಗ್ಗೆ ಏಳೂವರೆಗೆ ಕಾಕಾನ ಫೋನ್ ಬಂತು. ಅಷ್ಟು ಹೊತ್ತಿಗೆ ಕಾಕಾ ಫೋನ್ ಮಾಡಿದರೆ ಯಾರೋ ತೀರಿಕೊಂಡಿರಬೇಕು ಅಂತಲೇ ನಮ್ಮ ಮನೆಯಲ್ಲಿ ಲೆಕ್ಕ. ಅವ್ವ ಗ್ಯಾಸ್ ಸಣ್ಣ ಮಾಡಿ ಬಂದು ಬಾಗಿಲಲ್ಲಿ ನಿಂತಳು. ಸುದ್ದಿ ಅದಲ್ಲ. “ತಮ್ಮಾ, ಮಷಿನ್ನಿನ ಕಂಪ್ಯೂಟರ್ ಏನೋ ಇಂಗ್ಲಿಷ್‌ನ್ಯಾಗ ಬೈಯಾಕತ್ತೈತಿ. ನೀ ಒಂದ್ ಸಲ ಬಂದು ಓದಿ ಹೇಳು” ಅಂದರು.

ನಾನು ಓದಿದ್ದು ಪತ್ರಿಕೋದ್ಯಮ. ಖಾನಾಪುರದಲ್ಲಿ ಕೂತು ಮಳೆ, ಕಾಡುಕೋಣ, ಗ್ರಾಮ ಪಂಚಾಯ್ತಿ ಅಂತ ಸುದ್ದಿ ಬರೆಯುವವನು. ಕಂಪ್ಯೂಟರ್ ವಿಷಯದಲ್ಲಿ ನನಗಿರುವ ಅರ್ಹತೆ ಎರಡೇ. ಒಂದು, ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಭಾರವಾಗಿ ಏಳು ವರ್ಷದಿಂದ ಲಿನಕ್ಸ್ ಹಾಕಿಕೊಂಡಿದ್ದೇನೆ. ಎರಡು, ಮನೆತನದಲ್ಲಿ ಇಂಗ್ಲಿಷ್ ಓದಿ ಹೇಳುವವನು ಎಂಬ ಹೆಸರು. ಇವೆರಡೂ ಸೇರಿ ನನ್ನನ್ನು ಬಸ್ ಹತ್ತಿಸಿದವು.

ಖಾನಾಪುರದಿಂದ ಬೆಳಗಾವಿಗೆ ಹೋಗುವ ರಸ್ತೆ ಗೊತ್ತಿದ್ದವರಿಗೆ ಗೊತ್ತು. ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸಿಗುತ್ತದೆ. ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಿಗೆಲ್ಲ ತಾಯಿಮನೆ ಅದು, 1998ರಲ್ಲಿ ಹುಟ್ಟಿದ್ದು. ಪೀರನವಾಡಿ ದಾಟಿದರೆ ಉದ್ಯಮಬಾಗ. ಇಲ್ಲೂ ಹಳೆಯ ಇಂಜಿನಿಯರಿಂಗ್ ಕಾಲೇಜೊಂದಿದೆ. ಸುತ್ತ ಫೌಂಡ್ರಿ, ಮಷಿನ್ ಶಾಪು, ಹೈಡ್ರಾಲಿಕ್ ಬಿಡಿಭಾಗ ಮಾಡುವವರು, ಗೇರ್ ಕೊರೆಯುವವರು. ದೊಡ್ಡ ಗೇಟಿನ ಕಾರ್ಖಾನೆಗಳ ಬೆನ್ನಿಗೆ, ಬಾಡಿಗೆ ಶೆಡ್ಡಿನಲ್ಲಿ ನಾಲ್ಕು ಮಷಿನ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವ ನಮ್ಮ ಕಾಕಾನಂಥವರು. ಈ ರಸ್ತೆಯಲ್ಲಿ ಲೋಹದ ಬಗ್ಗೆ ಏನೇ ಕೇಳಿ, ಹತ್ತು ಹೆಜ್ಜೆಯೊಳಗೆ ಹೇಳುವವರು ಸಿಗುತ್ತಾರೆ. ಟೂಲ್ ಯಾಕೆ ಕಿರುಗುಡುತ್ತದೆ ಅಂದರೆ ಪಕ್ಕದ ಶೆಡ್ಡಿನ ಟರ್ನರ್ ಚಹಾ ಕುಡಿಯುತ್ತಲೇ ಬಂದು, ಕಿವಿಗೊಟ್ಟು, “ಸ್ಪೀಡ್ ಇಳಿಸ್ರಿ” ಅಂತಾನೆ. ಕೇಳಿದ್ದು ತಪ್ಪಾಗಿತ್ತೋ ಸರಿಯಾಗಿತ್ತೋ ಅಂತ ಯಾರೂ ಪರೀಕ್ಷೆ ಮಾಡುವುದಿಲ್ಲ.

ಮಷಿನ್ನಿನ ಕಥೆ ಸ್ವಲ್ಪ ಹೇಳಬೇಕು. ಕಾಕಾನ ಬಳಿ ಒಂದು ಹಳೆಯ ಮಿಲ್ಲಿಂಗ್ ಮಷಿನ್ ಇತ್ತು. ಅದರ ಮೂಲ ಕಂಟ್ರೋಲರ್ ಸತ್ತುಹೋಗಿತ್ತು. ಹೊಸ ಕಂಟ್ರೋಲರ್ ಕೂರಿಸಲು ಕೇಳಿದ ಬೆಲೆಯಲ್ಲಿ ಇನ್ನೊಂದು ಹಳೆಯ ಮಷಿನ್ನೇ ಬರುತ್ತಿತ್ತು. ಆಗ ಪರಿಚಯದ ಒಬ್ಬ ಇಂಜಿನಿಯರಿಂಗ್ ಹುಡುಗ ಸ್ಟೆಪ್ಪರ್ ಮೋಟಾರ್, ಡ್ರೈವರ್, ಒಂದು ಹಳೆಯ ಪಿಸಿ ತಂದು ಅದರಲ್ಲಿ ಲಿನಕ್ಸ್‌ಸಿಎನ್‌ಸಿ ಹಾಕಿಕೊಟ್ಟ. ಈ ತಂತ್ರಾಂಶದ ಬೇರು 1990ರ ದಶಕದಲ್ಲಿ ಅಮೆರಿಕದ ಸರ್ಕಾರಿ ಮಾಪನ ಸಂಸ್ಥೆ ನಿಸ್ಟ್‌ನಲ್ಲಿದೆ. ಮಷಿನ್ ಕಂಟ್ರೋಲರ್‌ಗಳೆಲ್ಲ ಒಂದೊಂದು ಕಂಪನಿಯ ಬೀಗದೊಳಗೆ ಇರಬಾರದು, ತೆರೆದ ವಿನ್ಯಾಸವೊಂದು ಬೇಕು ಅಂತ ಅಲ್ಲಿ ಶುರುವಾದ ಕೆಲಸ. ಅದನ್ನು ಸಾರ್ವಜನಿಕಕ್ಕೆ ಬಿಟ್ಟರು, ಮುಂದೆ ಜಗತ್ತಿನ ಹವ್ಯಾಸಿಗಳು, ಸಣ್ಣ ವರ್ಕ್‌ಶಾಪಿನವರು ಬೆಳೆಸಿದರು. ಈಗ ಡೆಬಿಯನ್ ಲಿನಕ್ಸಿನ ಭಂಡಾರದಲ್ಲೇ ಸಿಗುತ್ತದೆ. ಪುಕ್ಕಟೆ.

ಮೂರು ವರ್ಷ ಮಷಿನ್ ಚೆನ್ನಾಗಿ ಓಡಿತು. ಹುಡುಗನಿಗೆ ಪುಣೆಯಲ್ಲಿ ನೌಕರಿ ಸಿಕ್ಕಿತು. ಆಮೇಲೆ ಒಂದು ಸಂಜೆ ಸಿಡಿಲಿಗೆ ಪಿಸಿಯ ಮದರ್‌ಬೋರ್ಡ್ ಸುಟ್ಟಿತು. ಕಾಕಾ ಸೆಕೆಂಡ್ ಹ್ಯಾಂಡ್ ಪಿಸಿ ತಂದರು, ಹಳೆಯ ಹಾರ್ಡ್ ಡಿಸ್ಕ್ ಅದಕ್ಕೇ ಚುಚ್ಚಿದರು. ಎದ್ದು ಕೂತಿತು. ಎಲ್ಲ ಸರಿಯಾಯಿತು ಅಂದುಕೊಂಡು ಫ್ಲೇಂಜಿಗೆ ತೂತು ಹಾಕಲು ಶುರುಮಾಡಿದರೆ ಪರದೆಯ ಮೂಲೆಯಲ್ಲಿ ಕೆಂಪು ಬೈಗುಳ: ‘ಅನ್‌ಎಕ್ಸ್‌ಪೆಕ್ಟೆಡ್ ರಿಯಲ್‌ಟೈಮ್ ಡಿಲೇ’. ಅನಿರೀಕ್ಷಿತ ವಿಳಂಬ.

ಎಷ್ಟು ವಿಳಂಬ ಅಂದರೆ ನಗು ಬರುತ್ತದೆ. ಈ ಏರ್ಪಾಡಿನಲ್ಲಿ ಕಂಪ್ಯೂಟರ್ 25 ಮೈಕ್ರೋಸೆಕೆಂಡಿಗೊಮ್ಮೆ ಎಚ್ಚೆತ್ತು ಮೋಟಾರಿಗೆ ‘ಮುಂದೆ’ ಅನ್ನಬೇಕೋ ಬೇಡವೋ ನೋಡಬೇಕು. ಅಂದರೆ ಸೆಕೆಂಡಿಗೆ 40,000 ಸಲ. ಒಂದು ಸಲ ತಡವಾಗಿ ಎದ್ದರೆ ಮೋಟಾರ್ ಹೆಜ್ಜೆ ತಪ್ಪುತ್ತದೆ. ಹೆಜ್ಜೆ ತಪ್ಪಿದ್ದು ಮಷಿನ್ನಿಗೆ ಗೊತ್ತಾಗುವುದಿಲ್ಲ, ಅದು ತಾನು ಸರಿಯಾದ ಜಾಗದಲ್ಲೇ ಇದ್ದೇನೆಂದು ನಂಬಿ ಮುಂದಿನ ತೂತು ಹಾಕುತ್ತದೆ. ಹಾಗೆ 11 ಫ್ಲೇಂಜ್ ಹಾಳಾದವು. ಕಾಸ್ಟಿಂಗ್ ಕೊಟ್ಟವರದ್ದು, ಕೂಲಿ ಮಾತ್ರ ನಮ್ಮದು. ಹಾಳಾದ ಒಂದೊಂದಕ್ಕೂ ಡೆಬಿಟ್ ನೋಟ್ ಬರುತ್ತದೆ. 400 ನಗ, ಶನಿವಾರ ಡಿಸ್ಪ್ಯಾಚ್. ಅವತ್ತು ಸೋಮವಾರ.

ಮೊದಲು ಪುಣೆಯ ಹುಡುಗನಿಗೆ ಫೋನ್. ಪಾಪ, ಒಳ್ಳೆಯವನು, ಆಫೀಸಿನ ಮೆಟ್ಟಿಲ ಮೇಲೆ ನಿಂತು ಮಾತಾಡಿದ. ಆದರೆ ಮೂರು ವರ್ಷದ ಹಿಂದೆ ಏನು ಮಾಡಿದ್ದೆ ಅಂತ ಅವನಿಗೇ ನೆನಪಿಲ್ಲ, ಎಲ್ಲೂ ಬರೆದಿಟ್ಟೂ ಇಲ್ಲ. ಆಮೇಲೆ ಪಿಸಿ ಕೊಟ್ಟ ಅಂಗಡಿ. ಅಲ್ಲಿನ ಹುಡುಗ ಪರದೆ ನೋಡಿದವನೇ, “ಲಿನಕ್ಸೇನ್ರಿ ಇದು? ತಗದು ವಿಂಡೋಸ್ ಹಾಕಿ ಕೊಡ್ಲೇನು? ಅರ್ಧ ತಾಸಿನ ಕೆಲಸ” ಅಂದ. ಅವನ ಮುಖದಲ್ಲಿ ಉಪಕಾರ ಮಾಡುವ ಉತ್ಸಾಹವಿತ್ತು. ಲಿನಕ್ಸ್ ಬಳಸುವ ಪ್ರತಿಯೊಬ್ಬರೂ ಈ ಮಾತು ಕೇಳಿರುತ್ತಾರೆ.

ಉಳಿದದ್ದು ‘ಸಮುದಾಯ’. ಲಿನಕ್ಸಿಗೆ ಕಂಪನಿಯ ಕಸ್ಟಮರ್ ಕೇರ್ ಇಲ್ಲ, ಅದಕ್ಕಿಂತ ದೊಡ್ಡದಾದ ಜಗದ್ವ್ಯಾಪಿ ಸಮುದಾಯ ಇದೆ, ಕೇಳಿದರೆ ಯಾರಾದರೂ ಹೇಳುತ್ತಾರೆ ಅಂತ ನಾನೇ ಎಷ್ಟೋ ಜನರಿಗೆ ಭಾಷಣ ಮಾಡಿದ್ದೇನೆ. ಕೇಳಿದೆ. ನನ್ನ ಇಂಗ್ಲಿಷ್‌ನಲ್ಲಿ, ಎರಡು ಪರದೆಯ ಫೋಟೊ ಹಾಕಿ, ದಯವಿಟ್ಟು ಅರ್ಜೆಂಟ್ ಅಂತ ಸೇರಿಸಿ.

ಮೊದಲ ಉತ್ತರ ಒಂದೂವರೆ ತಾಸಿಗೆ ಬಂತು: ಪರದೆಯ ಫೋಟೊ ಹಾಕಬೇಡಿ, ಪಠ್ಯ ಹಾಕಿ. ನ್ಯಾಯವೇ. ಆದರೆ ಮಷಿನ್ನಿನ ಪಿಸಿಗೆ ಇಂಟರ್‌ನೆಟ್ ಇಲ್ಲ, ಇರಲೂಬಾರದು. ಶೆಡ್ಡಿನಲ್ಲಿ ಇರುವುದು ನನ್ನ ಫೋನು. ಪರದೆ ನೋಡುತ್ತ ನೋಡುತ್ತ ನಲವತ್ತು ಸಾಲು ಫೋನಿನಲ್ಲಿ ಬೆರಳಿನಿಂದ ಒತ್ತಿದೆ. (ಪೆನ್ ಡ್ರೈವಿಗೆ ಹಾಕಿ ತರಬಹುದಿತ್ತು ಅಂತ ಮರುದಿನ ಹೊಳೆಯಿತು. ಗಾಬರಿಯಲ್ಲಿ ಬುದ್ಧಿ ಓಡುವುದಿಲ್ಲ.) ಎರಡನೆಯ ಉತ್ತರ: ಇದು ನೂರು ಸಲ ಕೇಳಿದ ಪ್ರಶ್ನೆ, ಮೊದಲು ಹುಡುಕಿ. ಹುಡುಕಿದೆ. ನೂರಲ್ಲ, ಮುನ್ನೂರು ಸಿಕ್ಕವು, ಒಂದೊಂದರಲ್ಲೂ ಬೇರೆ ಬೇರೆ ಮದ್ದು, ಕೆಲವು ಹದಿನೈದು ವರ್ಷ ಹಳೆಯವು. ಯಾವುದು ನಮ್ಮ ರೋಗದ್ದು ಅಂತ ಗೊತ್ತಿದ್ದರೆ ಕೇಳುತ್ತಲೇ ಇರಲಿಲ್ಲ. ಮೂರನೆಯವನು, ಈ ಕಾಲದಲ್ಲಿ ಯಾರಾದರೂ ಪ್ಯಾರಲಲ್ ಪೋರ್ಟ್ ಬಳಸುತ್ತಾರಾ, ಅದಕ್ಕಂತಲೇ ಇರುವ ಕಾರ್ಡ್ ಕೊಳ್ಳಿ ಅಂದ. ಸರಿಯಾದ ಸಲಹೆಯೇ, ಈಗ ನನಗೆ ಗೊತ್ತು. ಆ ಕಾರ್ಡ್ ಹೊರದೇಶದಿಂದ ಬರಬೇಕು, ಕಸ್ಟಮ್ಸ್ ದಾಟಬೇಕು. ಶನಿವಾರ ಡಿಸ್ಪ್ಯಾಚ್. ನಾಲ್ಕನೆಯವನು ನನ್ನ ಇಂಗ್ಲಿಷ್ ಅರ್ಥವಾಗಲಿಲ್ಲ ಅಂದ.

ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಜಾಗ ಇದೆಯಾ ಅಂತ ಆ ರಾತ್ರಿ ಹುಡುಕಿದ್ದೂ ಹೌದು. ಕನ್ನಡದಲ್ಲಿ ಲಿನಕ್ಸ್ ಬಗ್ಗೆ ಏನೂ ಇಲ್ಲ ಅಂತಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯವರು ಹತ್ತು ನಿಮಿಷದ ಪಾಠಗಳನ್ನು ಕನ್ನಡದಲ್ಲೂ ಹೇಳಿಸಿದ್ದಾರೆ, ಕೇಳಿ ನೋಡಿ, ಚೆನ್ನಾಗಿವೆ. ಅಕ್ಷರ, ಕೀಲಿಮಣೆ, ಅನುವಾದ ಅಂತ ದುಡಿದ ಕನ್ನಡಿಗರು ಬೇಕಾದಷ್ಟಿದ್ದಾರೆ. ಆದರೆ ಅವೆಲ್ಲ ಕಲಿಯುವವನಿಗೆ. ಕೆಟ್ಟು ನಿಂತಿದೆ, ಈಗೇನು ಮಾಡಲಿ ಎಂದು ಕೇಳುವವನಿಗೆ ಕನ್ನಡದಲ್ಲಿ ಹೆಚ್ಚಾಗಿ ಸಿಕ್ಕಿದ್ದು ‘ಲಿನಕ್ಸ್ ಎಂದರೇನು?’ ಎಂಬ ಲೇಖನಗಳು.

ಐದನೆಯವರು ಸಿಕ್ಕಿದ್ದು ಗುರುವಾರ ರಾತ್ರಿ. ಬೇರೆ ಖಂಡದವರು, ನಮ್ಮ ರಾತ್ರಿ ಒಂಬತ್ತು ಅವರಿಗೆ ಬೆಳಗು. ಬೈಯಲಿಲ್ಲ. ಮೊದಲು ಲೇಟೆನ್ಸಿ ಪರೀಕ್ಷೆ ಅರ್ಧ ತಾಸು ಓಡಿಸಿ, ಅದು ಓಡುವಾಗ ಸುಮ್ಮನೆ ಬಿಡಬೇಡಿ, ವಿಂಡೋಗಳನ್ನು ಎಳೆದಾಡಿ, ಫೈಲ್ ಕಾಪಿ ಮಾಡಿ, ಕಂಪ್ಯೂಟರಿಗೆ ಕಷ್ಟ ಕೊಡಿ, ಆಮೇಲೆ ದೊಡ್ಡ ಅಂಕಿ ಎಷ್ಟು ಅಂತ ಹೇಳಿ ಅಂದರು. 1,80,000 ನ್ಯಾನೋಸೆಕೆಂಡ್ ಬಂತು. ಈ ಬಗೆಯ ಏರ್ಪಾಡಿಗೆ ಇದು 20,000ದೊಳಗಿದ್ದರೆ ಸೊಗಸು, 50,000ದವರೆಗೂ ನಿಭಾಯಿಸಬಹುದು, ಲಕ್ಷ ದಾಟಿದರೆ ಆ ಪಿಸಿಯ ಆಸೆ ಬಿಡಿ ಅಂತ ಲಿನಕ್ಸ್‌ಸಿಎನ್‌ಸಿಯ ಕೈಪಿಡಿಯಲ್ಲೇ ಇದೆಯಂತೆ. ಆದರೂ ಕೈಬಿಡುವ ಮೊದಲು ಬಯೋಸ್‌ಗೆ ಹೋಗಿ ವಿದ್ಯುತ್ ಉಳಿಸುವ ಸಿ-ಸ್ಟೇಟ್ ಆಯ್ಕೆಗಳನ್ನೆಲ್ಲ ಆರಿಸಿ ನೋಡಿ ಅಂದರು. ಪ್ರೊಸೆಸರ್ ಕೆಲಸವಿಲ್ಲದಾಗ ತೂಕಡಿಸುತ್ತದೆ, ಎಬ್ಬಿಸಲು ಹೊತ್ತು ಹಿಡಿಯುತ್ತದೆ, ಅದೇ ನಿಮ್ಮ ವಿಳಂಬ ಇರಬಹುದು. ಎರಡು ಕೋರ್ ಇದ್ದರೆ ಒಂದನ್ನು ಈ ಕೆಲಸಕ್ಕೇ ಮೀಸಲಿಡಿ, ಬೂಟ್ ಆಗುವಾಗ ಐಸೋಲ್‌ಸಿಪಿಯುಸ್ ಅಂತ ಒಂದು ಮಾತು ಸೇರಿಸಿದರೆ ಆಯಿತು.

ಮರುದಿನ ಎರಡನ್ನೂ ಮಾಡಿದೆ. 19,000ಕ್ಕೆ ಇಳಿಯಿತು. ಕೆಂಪು ಬೈಗುಳ ನಿಂತಿತು.

ಆದರೆ ಅಷ್ಟೊತ್ತಿಗೆ ಶುಕ್ರವಾರ ಮಧ್ಯಾಹ್ನ. ಮಂಗಳವಾರದಿಂದ ಕಾಕಾ ಮತ್ತು ಒಬ್ಬ ಆಪರೇಟರ್ ಹುಡುಗ ಕೂಡಿ ಗುರುತು ಹಾಕಿ, ಪಂಚ್ ಹೊಡೆದು, ರೇಡಿಯಲ್ ಡ್ರಿಲ್ಲಿನಲ್ಲಿ ಕೈಯಿಂದ ತೂತು ಹಾಕಿಕೊಂಡಿದ್ದರು. ಐವತ್ತೆಂಟು ವರ್ಷದ ಮನುಷ್ಯ, ಮೂರು ರಾತ್ರಿ ನಿಂತೇ ಇದ್ದರು. ಮಂಡಿ ಬಾತಿತ್ತು. ಡಿಸ್ಪ್ಯಾಚ್ ಸೋಮವಾರಕ್ಕೆ ಹೋಯಿತು, ಮುಂದಿನ ಆರ್ಡರ್ ಅರ್ಧವಾಯಿತು. ಬಯೋಸಿನಲ್ಲಿ ಎರಡು ಕೀಲಿ ಒತ್ತುವ ಕೆಲಸಕ್ಕೆ ಇಷ್ಟು.

ಇಲ್ಲಿಗೆ ಬೈದು ಮುಗಿಸಿದ್ದರೆ ಸುಲಭವಿತ್ತು. ‘ಸೊಕ್ಕಿನ ಲಿನಕ್ಸ್ ಪಂಡಿತರು’ ಅಂತ ಒಂದು ಲೇಖನ ಆಗಲೇ ಅರ್ಧ ಬರೆದಿದ್ದೆ ಕೂಡ. ಸೊಕ್ಕು ಇಲ್ಲವೇ ಇಲ್ಲ ಅನ್ನಲಾರೆ. ಪ್ರಶ್ನೆ ಹೇಗೆ ಕೇಳಬೇಕು ಅಂತ ಎರಿಕ್ ರೇಮಂಡ್ 2001ರಲ್ಲಿ ಒಂದು ಉದ್ದನೆಯ ಬರಹ ಬರೆದು, ಅದು ಈ ಲೋಕಕ್ಕೆ ಧರ್ಮಶಾಸ್ತ್ರದ ಹಾಗೆ ಆಯಿತು. ಅದರಲ್ಲಿ ಉಪಯೋಗದ ಮಾತು ಬಹಳ ಇದೆ. ಜೊತೆಗೆ, ತಯಾರಿಯಿಲ್ಲದೆ ಕೇಳಲು ಬಂದವನು ಅಸಡ್ಡೆಗೆ ಅರ್ಹ ಎಂಬ ಧಾಟಿಯೂ ಇದೆ. ಮೇಲಿನವರೇ ಹಾಗಿದ್ದರಲ್ಲ. ಲಿನಸ್ ಟೊರ್ವಾಲ್ಡ್ಸ್ ತಮ್ಮ ಕಟು ಭಾಷೆಗೆ ಕ್ಷಮೆ ಕೇಳಿ ಕೆಲವು ವಾರ ಕೆಲಸದಿಂದ ದೂರ ಸರಿದದ್ದು 2018ರ ಸೆಪ್ಟೆಂಬರ್‌ನಲ್ಲಿ. ಲಿನಕ್ಸ್ ಹುಟ್ಟಿ ಅಷ್ಟೊತ್ತಿಗೆ 27 ವರ್ಷ.

ಆದರೆ ಆ ಕಡೆಯಿಂದಲೂ ಒಮ್ಮೆ ನೋಡಿ. ಉತ್ತರ ಹೇಳುವವರಿಗೆ ಸಂಬಳ ಇಲ್ಲ. ತಮ್ಮ ನೌಕರಿ ಮುಗಿಸಿ, ಊಟ ಬಿಟ್ಟು, ನನ್ನಂಥವನ ಸೊಟ್ಟ ಫೋಟೊದಲ್ಲಿ ಅಕ್ಷರ ಹುಡುಕುತ್ತಾರೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ತಂತ್ರಾಂಶದಲ್ಲಿ ಕಳ್ಳಬಾಗಿಲು ಸಿಕ್ಕಿದ್ದು ನೆನಪಿರಬಹುದು. ಲೆಕ್ಕವಿಲ್ಲದಷ್ಟು ಲಿನಕ್ಸ್ ಕಂಪ್ಯೂಟರುಗಳಲ್ಲಿರುವ ಆ ತುಣುಕನ್ನು ವರ್ಷಗಟ್ಟಲೆ ನೋಡಿಕೊಂಡಿದ್ದವರು ಬಹುಮಟ್ಟಿಗೆ ಒಬ್ಬರೇ, ಅದೂ ಪುಕ್ಕಟೆಯಾಗಿ. ಅವರು ದಣಿದಿದ್ದರು. ಬೇಗ ಮಾಡು ಬೇಗ ಮಾಡು ಅಂತ ಜನ ಒತ್ತಾಯಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಸಹಾಯಕ್ಕೆ ಬಂದವನಂತೆ ಒಬ್ಬ ಅಪರಿಚಿತ ಒಳಗೆ ಸೇರಿಕೊಂಡು, ನಂಬಿಕೆ ಗಳಿಸಿ, ಕನ್ನ ಕೊರೆದ. ಸ್ವಯಂಸೇವಕರ ತಾಳ್ಮೆ ಬತ್ತದ ಬಾವಿ ಅಂದುಕೊಂಡವರು ಈ ಕಥೆ ಓದಬೇಕು. ನನ್ನ ‘ದಯವಿಟ್ಟು ಅರ್ಜೆಂಟ್’ ಕೂಡ ಅದೇ ಒತ್ತಾಯದ ಒಂದು ಹನಿ.

ಹಾಗಾದರೆ ತಪ್ಪು ಎಲ್ಲಿದೆ? ವಿಂಡೋಸ್‌ಗೆ ನಮ್ಮಲ್ಲಿ ಬೆಂಬಲ ಕೊಡುವವರು ಯಾರು ಅಂತ ಯೋಚಿಸಿದಾಗ ನನಗೆ ಇದು ತಿಳಿಯಿತು. ಮೈಕ್ರೋಸಾಫ್ಟ್‌ಗೆ ಉದ್ಯಮಬಾಗದಿಂದ ಯಾರೂ ಫೋನ್ ಮಾಡುವುದಿಲ್ಲ. ಬೆಂಬಲ ಕೊಡುವವನು ಅದೇ ಅಂಗಡಿಯ ಹುಡುಗ, ಜೇಬಿನಲ್ಲಿ ಪೆನ್ ಡ್ರೈವ್ ಇಟ್ಟುಕೊಂಡು ಗಾಡಿ ಮೇಲೆ ಬರುವವನು. ಐನೂರು ರೂಪಾಯಿ, ಒಂದು ಚಹಾ. ಅವನು ಹಾಕುವುದು ಕದ್ದ ಪ್ರತಿಯೇ ಇರಬಹುದು, ಫಾರ್ಮ್ಯಾಟ್ ಮಾಡುವಾಗ ನಿಮ್ಮ ಮಗಳ ಮದುವೆ ಫೋಟೊ ಹೋಗಲೂಬಹುದು. ಆದರೆ ಬರುತ್ತಾನೆ. ನಮ್ಮ ಭಾಷೆಯಲ್ಲಿ ಕೇಳುತ್ತಾನೆ, ಪರದೆಯನ್ನು ತಾನೇ ನೋಡುತ್ತಾನೆ, ಲಾಗ್ ಕಳಿಸಿ ಅನ್ನುವುದಿಲ್ಲ. ಜಗದ್ವ್ಯಾಪಿ ಅಂತ ನಾವು ಹೊಗಳುವ ಲಿನಕ್ಸ್ ಸಮುದಾಯಕ್ಕೆ ಇಲ್ಲದ್ದು ಇದೇ ಓಣಿ. ದೂರದಿಂದ ಔಷಧ ಹೇಳುವವರಿಗೆ ನಾಡಿ ಸಿಗುವುದಿಲ್ಲ, ಅದಕ್ಕೇ ಅಷ್ಟೊಂದು ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಅರ್ಥವಾಗದವನಿಗೆ ಅದು ಬೈಗುಳದಂತೆ ಕೇಳುತ್ತದೆ.

ಇದು ಕಾಕಾ ಒಬ್ಬರ ಸಮಸ್ಯೆಯಾಗಿ ಉಳಿಯುವುದೂ ಇಲ್ಲ. ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬಹಳಷ್ಟು ಹಳೆಯ ಪಿಸಿಗಳನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಸಣ್ಣ ಶೆಡ್ಡು, ಝೆರಾಕ್ಸ್ ಅಂಗಡಿ, ತಾಲೂಕಿನ ಶಾಲೆಯ ಲ್ಯಾಬು, ನಮ್ಮಂಥ ವರದಿಗಾರರ ಮೇಜು, ಇಲ್ಲೆಲ್ಲ ಇರುವುದು ಅಂಥವೇ. ಇವುಗಳಿಗೆ ಲಿನಕ್ಸ್ ಹಾಕಿ ಅಂತ ಈಗ ಎಲ್ಲರೂ ಹೇಳುತ್ತಿದ್ದಾರೆ, ನಾನೂ ಹೇಳುತ್ತೇನೆ. ಹಾಕಿದ ಮೇಲೆ ಪ್ರಿಂಟರ್ ನಿಂತರೆ ಯಾರನ್ನು ಕರೆಯಲಿ ಅಂದರೆ ಹೇಳುವವರು ತಲೆ ಕೆರೆದುಕೊಳ್ಳುತ್ತಾರೆ. ಚಾಟ್‌ಜಿಪಿಟಿ ಕೇಳಿ ಅನ್ನುವವರೂ ಇದ್ದಾರೆ. ನಾನೂ ಕೇಳಿದ್ದೆ. ಬಹಳ ವಿನಯದಿಂದ, ನಮ್ಮದಲ್ಲದ ಇನ್ನಾವುದೋ ಲಿನಕ್ಸಿನ ಆಜ್ಞೆ ಕೊಟ್ಟಿತು. ಲ್ಯಾಪ್‌ಟಾಪಿನಲ್ಲಾದರೆ ಪರವಾಗಿಲ್ಲ, ಮೂರು ಅಶ್ವಶಕ್ತಿಯ ಸ್ಪಿಂಡಲ್ ತಿರುಗುವ ಮಷಿನ್ನಿನಲ್ಲಿ ಅಂದಾಜಿನ ಮೇಲೆ ಆಜ್ಞೆ ಒತ್ತಲು ನನಗೆ ಧೈರ್ಯವಾಗಲಿಲ್ಲ.

ಓಣಿ ಕಟ್ಟಲು ಸಾಧ್ಯವೇ ಇಲ್ಲವೇ? ಕಾಸರಗೋಡು ನೋಡಿ. ಅಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ವರ್ಷಗಳಿಂದ ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಿದ್ದಾರೆ, ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶುರುಮಾಡಿದ್ದು 2017ರಲ್ಲಿ ಕೈಟ್ ಎಂಬ ಕಂಪನಿಯಾಯಿತು. ತಂತ್ರಾಂಶ ಪುಕ್ಕಟೆ ಸಿಗುತ್ತದೆ ಅಂತ ಸಿಡಿ ಹಂಚಿ ಸುಮ್ಮನಾಗಲಿಲ್ಲ ಅವರು. ಶಾಲೆಯ ಮೇಷ್ಟ್ರು, ಟೀಚರುಗಳನ್ನೇ ಆರಿಸಿ ಮಾಸ್ಟರ್ ಟ್ರೇನರ್ ಮಾಡಿದರು. ಪ್ರತಿ ಹೈಸ್ಕೂಲಿನಲ್ಲಿ ಐಟಿ ನೋಡಿಕೊಳ್ಳಲು ಒಬ್ಬ ಶಿಕ್ಷಕರಿಗೆ ಜವಾಬ್ದಾರಿ ಕೊಟ್ಟರು. 2018ರಿಂದ ಲಿಟ್ಲ್ ಕೈಟ್ಸ್ ಅಂತ ಮಕ್ಕಳ ಗುಂಪುಗಳೂ ಇವೆ, ಹಾರ್ಡ್‌ವೇರ್ ಬಿಚ್ಚಿ ಜೋಡಿಸುವುದನ್ನೂ ಅವಕ್ಕೆ ಹೇಳಿಕೊಡುತ್ತಾರೆ. ಮಂಜೇಶ್ವರದ ಕಡೆಯ ಶಾಲೆಯೊಂದರಲ್ಲಿ ಪ್ರೊಜೆಕ್ಟರ್ ಕೈಕೊಟ್ಟರೆ ಟೀಚರ್ ಇಂಗ್ಲಿಷ್‌ನಲ್ಲಿ ಜಗತ್ತನ್ನು ಕೇಳಬೇಕಾಗಿಲ್ಲ. ಅದೇ ಭಾಷೆ, ಗಡಿ ಮಾತ್ರ ಬೇರೆ.

ನಮ್ಮಲ್ಲಿ ಸರ್ಕಾರ ಮಾಡಲಿ ಅಂತ ಕೂರುವುದು ನನಗೆ ಇಷ್ಟವಿಲ್ಲ. ಉದ್ಯಮಬಾಗಕ್ಕೆ ಬೇಕಾದದ್ದು ತೀರ ಸಣ್ಣದು: ಒಬ್ಬ ಹುಡುಗ ಅಥವಾ ಹುಡುಗಿ. ಐಟಿಐಯಲ್ಲಿ ಕೋಪಾ ಟ್ರೇಡ್ ಮುಗಿಸಿದವರಿಗೆ ಲಿನಕ್ಸಿನ ಗಂಧ ಇರುತ್ತದೆ, ಇಂಜಿನಿಯರಿಂಗ್ ಕೊನೆಯ ವರ್ಷದವರು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತ ಇದೇ ರಸ್ತೆಯಲ್ಲಿ ಓಡಾಡುತ್ತಿರುತ್ತಾರೆ. ಇಪ್ಪತ್ತು ಶೆಡ್ಡಿನವರು ತಿಂಗಳಿಗೆ ಐನೂರು ಕೊಟ್ಟರೆ ಹತ್ತು ಸಾವಿರ. ಅದು ಒಂದು ಸಂಬಳವಲ್ಲ, ಸಂಬಳದ ಶುರು.

ಇದನ್ನು ಕಾಕಾನ ಮುಂದೆ ಇಟ್ಟೆ. “ಪುಕ್ಕಟೆ ಸಾಫ್ಟ್‌ವೇರ್‌ಗೆ ರೊಕ್ಕ ಯಾಕ ಕೊಡಬೇಕೋ ತಮ್ಮಾ?” ಅಂದರು.

“ಕಾಕಾ, ಯುಪಿಎಸ್‌ಗೆ ಎಎಂಸಿ ಕೊಡ್ತೀರಿ. ಕಂಪ್ರೆಸರ್‌ಗೆ ಕೊಡ್ತೀರಿ. ಇದಕ್ಕ ಯಾಕ ಕೊಡಂಗಿಲ್ಲ?”

“ಅವು ರೊಕ್ಕಾ ಕೊಟ್ಟು ತಂದದ್ದು.”

ಇಲ್ಲಿ ಲಿನಕ್ಸ್ ಪ್ರಚಾರ ಮಾಡುವ ನಮ್ಮಂಥವರ ತಪ್ಪೂ ಇದೆ. ಪುಕ್ಕಟೆ, ಪುಕ್ಕಟೆ ಅಂತ ಕೂಗಿ ಕೂಗಿ, ಅದನ್ನು ರಿಪೇರಿ ಮಾಡುವ ಕೈಯೂ ಪುಕ್ಕಟೆ ಅನ್ನುವಂತೆ ಮಾಡಿಬಿಟ್ಟೆವು. ಲಿನಕ್ಸ್ 1992ರಲ್ಲಿ ಒಪ್ಪಿಕೊಂಡ ಜಿಪಿಎಲ್ ಪರವಾನಗಿ ಸೇವೆಗೆ ಹಣ ತೆಗೆದುಕೊಳ್ಳುವುದನ್ನು ಎಲ್ಲೂ ತಡೆಯುವುದಿಲ್ಲ. ಆ ಮೇಲೆ ಹುಟ್ಟಿದ ದೊಡ್ಡ ಲಿನಕ್ಸ್ ಕಂಪನಿಗಳು ಬದುಕಿರುವುದೇ ಬೆಂಬಲ ಮಾರಿ. ಬ್ಯಾಂಕು, ಷೇರುಪೇಟೆಗಳು ಕರೆದರೆ ಓಡಿಬರುವವರಿಗೆ ಹಣ ಕೊಟ್ಟು ಲಿನಕ್ಸ್ ಓಡಿಸುತ್ತವೆ. ಬಡವನಿಗೆ ಮಾತ್ರ ಸಮುದಾಯವನ್ನು ಕೇಳು ಅಂತ ಹೇಳುತ್ತೇವೆ.

ಇನ್ನು ನನ್ನದೇ ಒಂದು ತಪ್ಪು, ಇಷ್ಟು ಹೊತ್ತು ಮುಂದೂಡಿದ್ದು. ಆ ಐದನೆಯವರು ಶನಿವಾರ ಒಂದು ಸಾಲು ಬರೆದಿದ್ದರು, ಸರಿಹೋಯಿತಾ ಅಂತ. ನೋಡಿದೆ. ಕಾಕಾನ ಶೆಡ್ಡಿನಲ್ಲಿ ಲೋಡಿಂಗ್ ಗಡಿಬಿಡಿ, ನಾಳೆ ಬರೆದರಾಯಿತು ಅಂದುಕೊಂಡೆ. ಹತ್ತು ದಿನ ಬಿಟ್ಟು ಮತ್ತೆ ಕೇಳಿದ್ದರು. ಅದನ್ನೂ ನೋಡಿದೆ. ಖಾನಾಪುರದಲ್ಲಿ ಮಲಪ್ರಭೆ ತುಂಬಿದ ಸುದ್ದಿಯಲ್ಲಿದ್ದೆ. ಆಮೇಲೆ ಮರೆತೆ.

ದೀಪಾವಳಿ ಮುಗಿದ ಮೇಲೆ ಎರಡು ಓಣಿ ಆಚೆಯ ಶೆಡ್ಡಿನವರು ಬಂದರು. ಅವರೂ ಪಿಸಿ ಬದಲಿಸಿದ್ದರು, ಅದೇ ಕೆಂಪು ಬೈಗುಳ. ಬಯೋಸಿನಲ್ಲಿ ಏನನ್ನೋ ಆರಿಸಬೇಕು ಅಂತ ಕಾಕಾ ಹೇಳಿದರು, ಯಾವುದನ್ನು ಅಂತ ಅವರಿಗೂ ನೆನಪಿಲ್ಲ. ನನಗೆ ಫೋನ್ ಮಾಡಿದರು, ನನಗೂ ಪೂರ್ತಿ ನೆನಪಿಲ್ಲ. ಪುಣೆಯ ಹುಡುಗನನ್ನು ನಾನು ಬೈದುಕೊಂಡದ್ದು ಇದಕ್ಕೇ ಅಲ್ಲವೇ? ಜಾಲದಲ್ಲಿ ಹುಡುಕಲು ಕೂತೆ. ಮೊದಲು ಸಿಕ್ಕಿದ್ದು ನನ್ನದೇ ಪ್ರಶ್ನೆ. ಕೆಳಗೆ ಅವರ ಸಲಹೆ, ಅದರ ಕೆಳಗೆ ಸರಿಹೋಯಿತಾ, ಅದರ ಕೆಳಗೆ ಮತ್ತೊಮ್ಮೆ ಸರಿಹೋಯಿತಾ. ಅಲ್ಲಿಗೆ ನಿಂತಿತ್ತು. ನನ್ನ ಹಾಗೆ ಅಲ್ಲಿಗೆ ಬಂದು ಬಿದ್ದ ಬೇರೆ ಯಾರಿಗಾದರೂ ಆ ಮದ್ದು ಹತ್ತಿತೋ ಇಲ್ಲವೋ ತಿಳಿಯುವಂತಿರಲಿಲ್ಲ.

ಅವತ್ತೇ ಉತ್ತರ ಬರೆದೆ, ತಡವಾಗಿದ್ದಕ್ಕೆ ಕ್ಷಮೆ ಕೇಳಿ, ಅಂಕಿಗಳನ್ನೆಲ್ಲ ಹಾಕಿ. ಆಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡು ಎಲ್ಲವನ್ನೂ ಕನ್ನಡದಲ್ಲಿ ಬರೆದೆ. ಪಿಸಿ ಯಾವುದು, ಬಯೋಸಿಗೆ ಯಾವ ಕೀಲಿ, ಯಾವ ಸಾಲಿನಲ್ಲಿ ಏನು ಆರಿಸಬೇಕು, ಪರೀಕ್ಷೆ ಓಡಿಸುವುದು ಹೇಗೆ, ಎಷ್ಟು ಬಂದರೆ ಒಳ್ಳೆಯದು, ಎಷ್ಟಾದರೆ ಜಾಬ್ ಹಾಕಬಾರದು. ತಂತ್ರಾಂಶದ ಮಾತುಗಳನ್ನು ಪರದೆಯಲ್ಲಿ ಇದ್ದ ಹಾಗೇ ಬಿಟ್ಟೆ. ಅವಕ್ಕೆ ಕನ್ನಡ ಹುಟ್ಟಿಸಿದರೆ ಓದುವವನು ಪರದೆಯಲ್ಲಿ ಎಲ್ಲಿ ಹುಡುಕಬೇಕು? ಕಾಕಾ ಅದಕ್ಕೆ ತೂತು ಹಾಕಿ ದಾರದಲ್ಲಿ ಮಷಿನ್ನಿಗೆ ಕಟ್ಟಿದ್ದಾರೆ, ಕೂಲೆಂಟ್ ಹಾರದ ಕಡೆಗೆ. ಆಪರೇಟರ್ ಹುಡುಗ ಜಾಂಬೋಟಿ ಕಡೆಯವನು, ಮರಾಠಿ ಶಾಲೆಯಲ್ಲಿ ಓದಿದವನು. ಮುಂದಿನ ಸಲ ಹೋದಾಗ ನನ್ನ ಪ್ರತಿ ಸಾಲಿನ ಕೆಳಗೂ ಸೀಸದ ಕಡ್ಡಿಯಲ್ಲಿ ಮರಾಠಿಯಲ್ಲಿ ಬರೆದಿದ್ದ. ಒಂದು ಕಡೆ ನನ್ನ ತಪ್ಪನ್ನೂ ತಿದ್ದಿದ್ದ.

ಎಎಂಸಿ ವಿಷಯ ಇನ್ನೂ ಬಗೆಹರಿದಿಲ್ಲ. ಇಪ್ಪತ್ತರಲ್ಲಿ ಸದ್ಯ ನಾಲ್ಕು ಶೆಡ್ಡಿನವರು ಹೂಂ ಅಂದಿದ್ದಾರೆ, ಕಾಕಾ ಅದರಲ್ಲಿ ಕೊನೆಯವರು. ಹುಡುಗನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಮಿಸ್ತ್ರಿ ನಾನೇ ಅಂತ ಅವರೆಲ್ಲ ಸೇರಿ ತೀರ್ಮಾನಿಸಿದ್ದಾರೆ, ನನ್ನನ್ನು ಯಾರೂ ಕೇಳಲಿಲ್ಲ. ಮೊನ್ನೆ ಮಚ್ಛೆಯಿಂದ ಯಾರದೋ ಫೋನು, ನೋಟ್‌ಬುಕ್ಕಿನ ಝೆರಾಕ್ಸ್ ಅವರ ಕೈಯಲ್ಲಿತ್ತು.

“ಸರ್, ನೀವು ಬರದಂಗ ಎಲ್ಲಾ ಮಾಡೇನ್ರಿ. ಇಪ್ಪತ್ತೆರಡು ಸಾವಿರ ತೋರಸ್ತೈತಿ. ಜಾಬ್ ಹಾಕ್ಲೇನ್ರಿ?”

“ಎಷ್ಟೊತ್ತಾತ್ರಿ ಪರೀಕ್ಷೆ ಹಚ್ಚಿ?”

“ಐದು ನಿಮಿಷ.”

“ಅರ್ಧ ತಾಸು ಓಡಿಸ್ರಿ. ನಡುವ ಫೈಲ್ ಕಾಪಿ ಮಾಡ್ರಿ, ವಿಂಡೋ ಎಳದಾಡ್ರಿ. ಆಮ್ಯಾಲ ಎಷ್ಟು ಬಂತು ಹೇಳ್ರಿ. ಮತ್ತ, ಪುಸ್ತಕದ ಕಡೀ ಹಾಳ್ಯಾಗ ಬರದು ಇಡ್ರಿ.”